ಮಂಗಳವಾರದ ಏಳು ಹತ್ತು

ಆ ವಿಮಾನ ನಿಲ್ದಾಣಕ್ಕೆ ಬಂದು ಹೋಗುವವರಲ್ಲಿ ಅರ್ಧಕ್ಕರ್ಧ ಜನರಿಗೆ ಅವಳ ಹೆಸರೇ ಗೊತ್ತಿರಲಿಲ್ಲ. ತೂಕದಮ್ಮ ಅಂದರೆ ಮಾತ್ರ ಎಲ್ಲರಿಗೂ ಗೊತ್ತು. ಅಲ್ಲಿಂದ ಹಾರುತ್ತಿದ್ದುದು ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ. ಒಳಗೆ ಹೋದರೆ ಎಂಥವರೂ ತಲೆ ತಗ್ಗಿಸಿ ನಡೆಯಬೇಕು. ಅಷ್ಟು ಚಿಕ್ಕದಾದ್ದರಿಂದ ಪೆಟ್ಟಿಗೆಗಳ ಜೊತೆ ಮನುಷ್ಯರನ್ನೂ ತೂಗದೆ ವಿಧಿಯಿರಲಿಲ್ಲ. ಯಾರು ಮುಂದೆ ಕೂರಬೇಕು, ಯಾರು ಹಿಂದೆ ಅನ್ನುವುದೂ ಆ ತೂಕದ ಮೇಲೆಯೇ ನಿಂತಿತ್ತು. ಕೌಂಟರಿನ ಪಕ್ಕದಲ್ಲಿ ನೆಲಮಟ್ಟಕ್ಕೆ ಕೂರಿಸಿದ ತಕ್ಕಡಿ. ಅದರ ಅಂಕಿ ಕಾಣುವುದು ಅವಳ ಕಡೆಗೆ ಮಾತ್ರ. ಹನ್ನೊಂದು ವರ್ಷದಿಂದ ಆ ಅಂಕಿಗಳನ್ನು ನೋಡಿ, ಬಾಯಿ ಬಿಡದೆ ಹಾಳೆಯ ಮೇಲೆ ಬರೆದುಕೊಳ್ಳುವುದೇ ಅವಳ ಕೆಲಸ.

"ಮೇಡಂ, ಬೂಟು ಬಿಚ್ಚಲಾ?" ಎಂದು ಹೊಸಬರು ಕೇಳುವರು.

"ಬೂಟು ನಿಮ್ಮ ಜೊತೆಗೇ ತಾನೆ ಬರೋದು? ಹಾಕ್ಕೊಂಡೇ ನಿಲ್ಲಿ."

"ಎಪ್ಪತ್ತು ಅಂತ ಬರ್ಕೊಂಡ್ಬಿಡಿ, ನಿನ್ನೆ ತಾನೇ ನೋಡ್ಕೊಂಡೆ" ಎನ್ನುವ ವ್ಯಾಪಾರಿ ಹತ್ತಿ ನಿಂತರೆ ಎಂಬತ್ತನಾಲ್ಕು. ಅವಳು ನಗುತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ನಂಬಬಾರದು, ತಕ್ಕಡಿಯನ್ನಷ್ಟೇ ನಂಬಬೇಕು ಎನ್ನುವುದು ಆ ಕೆಲಸ ಅವಳಿಗೆ ಕಲಿಸಿದ್ದ ಬುದ್ಧಿ.

ಊರಿನ ಎದುರಿಗೆ ಕೊಲ್ಲಿ, ಅದರ ಆಚೆ ದಡದಲ್ಲಿ ದೊಡ್ಡ ಊರು. ರಸ್ತೆಯಲ್ಲಿ ಸುತ್ತಿ ಹೋದರೆ ಎಂಟು ಗಂಟೆ, ವಿಮಾನದಲ್ಲಿ ಇಪ್ಪತ್ತೈದೇ ನಿಮಿಷ. ಬೆಳಿಗ್ಗೆ ಏಳು ಹತ್ತಕ್ಕೆ ಹೋಗುವ ವಿಮಾನ ಸಂಜೆ ಆರಕ್ಕೆ ಜನರನ್ನು ತಂದಿಳಿಸುತ್ತಿತ್ತು. ಕಾಲೇಜಿನ ಮೇಷ್ಟ್ರು, ಕೋರ್ಟಿನ ಗುಮಾಸ್ತರು, ಹಲ್ಲಿನ ಡಾಕ್ಟರು, ಎಲ್ಲರೂ ಬಸ್ಸು ಹತ್ತುವ ಹಾಗೆ ಬಂದು ಹತ್ತುತ್ತಿದ್ದರು. ಫೆಬ್ರವರಿಯಿಂದ ಪ್ರತಿ ಮಂಗಳವಾರ ಅವರ ಜೊತೆ ಉದ್ದ ಕೋಟು ತೊಟ್ಟ ಅವಳ ಅಕ್ಕನೂ ಸೇರಿಕೊಂಡಳು. ಆಚೆ ದಡದ ಆಸ್ಪತ್ರೆಯಲ್ಲಿ ಅವಳ ಹೊಟ್ಟೆಯ ಗಡ್ಡೆಗೆ ಔಷಧಿ ಕೊಡುತ್ತಿದ್ದರು.

ಅಕ್ಕ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ತಂಗಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕೂತವಳು ಏಳಲೇ ಇಲ್ಲ. ಊರಿನ ಹೋಟೆಲುಗಳ ಪರದೆ, ಶಾಲೆಯ ಸಮವಸ್ತ್ರ, ಕಡೆಗೆ ಈ ವಿಮಾನ ಕಂಪನಿಯ ನೀಲಿ ಕೋಟುಗಳು ಕೂಡ ಅವಳ ಕೈಯಲ್ಲೇ ಆದವು. ತಂಗಿಯನ್ನು ಓದಿಸಿದಳು, ಈ ಕೆಲಸಕ್ಕೆ ಅರ್ಜಿ ಹಾಕಿಸಿದಳು. ತಂಗಿಯ ಮದುವೆ ಮುರಿದುಬಿದ್ದಾಗ "ಬಾರೇ ಮರಿ, ನಿನ್ನ ಹಾಸಿಗೆ ಹಾಸಿದ ಹಾಗೇ ಇದೆ" ಎಂದಿದ್ದಳು. ಅದಾದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಅವರಿಬ್ಬರೇ.

ಡಾಕ್ಟರು ಮೊದಲ ದಿನವೇ ಹೇಳಿದ್ದರು: ತೂಕ ಇಳಿಯದೆ ನಿಂತರೆ ಔಷಧಿ ಹಿಡಿಯುತ್ತಿದೆ ಅಂತ ಅರ್ಥ, ಇಳಿಯುತ್ತಲೇ ಹೋದರೆ ನೋಡೋಣ. ಆ "ನೋಡೋಣ"ದ ಅರ್ಥ ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಯಾರೂ ಆಡಲಿಲ್ಲ. ಬೇರೆ ಯಾರ ಅಂಕಿಯನ್ನೂ ಗಟ್ಟಿಯಾಗಿ ಹೇಳದ ತೂಕದಮ್ಮ ಅಕ್ಕನದನ್ನು ಮಾತ್ರ ಅವಳ ಕಿವಿಗೆ ಬೀಳುವಷ್ಟು ಮೆಲ್ಲಗೆ ಓದುತ್ತಿದ್ದಳು. ಐವತ್ತೆರಡು. ಮುಂದಿನ ವಾರ ಐವತ್ತೊಂದು. ಆಮೇಲೆ ಐವತ್ತು. ಮಾರ್ಚ್ ತಿಂಗಳ ಒಂದು ಮಂಗಳವಾರ ನಲವತ್ತೆಂಟು ಎಂದು ಬಂತು. ಪೆನ್ನು ಬಿದ್ದುಹೋಯಿತು ಎನ್ನುವ ನೆಪದಲ್ಲಿ ಬಗ್ಗಿದವಳು ಕೌಂಟರಿನ ಕೆಳಗೆ ಕುಸಿದು ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಹಿಂದೆ ಹದಿನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ಅಕ್ಕ ತಕ್ಕಡಿಯ ಮೇಲಿಂದಲೇ ಬಗ್ಗಿ, "ಸಿಕ್ತೇನೇ ಪೆನ್ನು?" ಎಂದು ಕೇಳಿದಳು.

ಅದರ ಮುಂದಿನ ವಾರದಿಂದ ಅಂಕಿ ಇಳಿಯುವುದು ನಿಂತಿತು. ನಲವತ್ತೆಂಟು. ಮತ್ತೆ ನಲವತ್ತೆಂಟು. ಒಂದು ತಿಂಗಳ ಮೇಲೆ ನಲವತ್ತೆಂಟೂವರೆ. ತೂಕದಮ್ಮ ಆ ದಿನ ಎಲ್ಲರಿಗೂ ಒಂದೊಂದು ಪೆಪ್ಪರಮಿಂಟು ಕೊಟ್ಟಳು. "ಏನು ವಿಶೇಷ ಮೇಡಂ?" ಎಂದು ಗುಮಾಸ್ತರು ಕೇಳಿದರೆ, "ಅರ್ಧ ಕೆಜಿ!" ಎಂದಳು. ಅವರಿಗೆ ತಲೆಬುಡ ತಿಳಿಯಲಿಲ್ಲ.

ಅಕ್ಕನ ಮುಖ ಸೊರಗಿದ್ದು ಕಾಣಲಿಲ್ಲವೇ ಎಂದರೆ, ಕಂಡಿತ್ತು. ಆದರೆ ಔಷಧಿಯಿಂದ ಮುಖ ಹಾಗಾಗುತ್ತದೆ ಎಂದು ಅಕ್ಕನೇ ಹೇಳಿದ್ದಳು. ಮೈಮೇಲಿನ ಬಟ್ಟೆ ಒಂದು ದಿನವೂ ಸಡಿಲವಾಗಿ ಜೋತಾಡಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ತಂಗಿಗೆ, ಆ ಹೊತ್ತಿನಲ್ಲಿ ಅಕ್ಕ ತನ್ನ ಅಂಗಿಗಳನ್ನೇ ಒಂದೊಂದಾಗಿ ಬಿಚ್ಚಿ, ಇಂಚು ಅರ್ಧ ಇಂಚು ಒಳಕ್ಕೆ ಹಿಡಿದು ಹೊಲಿಯುತ್ತಿದ್ದಾಳೆ ಎಂದು ತಿಳಿಯುವುದಾದರೂ ಹೇಗೆ? ಕಣ್ಣು ಏನಾದರೂ ಹೇಳಲು ಬಂದಾಗಲೆಲ್ಲ ಅವಳು ತಕ್ಕಡಿಯನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

"ಒಂದ್ಸಲ ನೀನೂ ಬಾರೇ ಮರಿ. ಹನ್ನೊಂದು ವರ್ಷದಿಂದ ಊರನ್ನೆಲ್ಲ ಹತ್ತಿಸ್ತೀಯ, ನೀನೇ ಒಂದಿನಾನೂ ಹತ್ತಿಲ್ಲವಲ್ಲ" ಎಂದು ಅಕ್ಕ ಆಗಾಗ ಕರೆಯುತ್ತಿದ್ದಳು.

"ನನ್ನ ಜಾಗಕ್ಕೆ ಯಾರಿದ್ದಾರೆ? ಬದಲಿಗೆ ಒಬ್ರು ಬರಲಿ, ಆಮೇಲೆ ನೋಡೋಣ. ತೂಕ ಹೇಗೂ ಏರ್ತಾ ಇದೆಯಲ್ಲ, ಅವಸರ ಏನು?"

ಅಕ್ಟೋಬರ್ ಬಂತು. ಅಕ್ಕನ ತೂಕ ಐವತ್ತು ಮುಟ್ಟಿತು. ಅದರ ಮುಂದಿನ ಮಂಗಳವಾರ ವಿಮಾನ ತುಂಬಿ ತುಳುಕುತ್ತಿತ್ತು. ಸೇತುವೆ ಕೆಲಸದ ಮೂವರು ಎಂಜಿನಿಯರುಗಳು ಕಬ್ಬಿಣದ ಉಪಕರಣಗಳ ಪೆಟ್ಟಿಗೆ ಹೊತ್ತು ತಂದಿದ್ದರು. ತೂಕದಮ್ಮ ಎರಡೆರಡು ಸಲ ಕೂಡಿದಳು. ಆರು ಕೆಜಿ ಹೆಚ್ಚು. ಜನ ಆಗಲೇ ತಪಾಸಣೆ ಮುಗಿಸಿ ಒಳಗೆ ಕೂತಿದ್ದರು. ಅವಳು ಹಾಳೆ ಹಿಡಿದು ಓಡಿಹೋಗಿ, ರೆಕ್ಕೆಯ ಕೆಳಗೆ ಬಗ್ಗಿ ಚಕ್ರ ನೋಡುತ್ತಿದ್ದ ಕ್ಯಾಪ್ಟನ್ ಮುಂದೆ ನಿಂತಳು.

"ಕ್ಯಾಪ್ಟನ್, ಆರು ಕೆಜಿ ಜಾಸ್ತಿ ಆಗ್ತಿದೆ. ಒಂದು ಪೆಟ್ಟಿಗೆ ಇಳಿಸಿಬಿಡ್ತೀನಿ."

"ಬೇಡ ಬಿಡಿ. ಏಳು ಕಳೆದ್ರೆ ಸರಿಹೋಗುತ್ತೆ" ಎಂದರು ಅವರು, ಚಕ್ರದಿಂದ ಕಣ್ಣು ಕೀಳದೆ.

"ಯಾವುದರಲ್ಲಿ ಏಳು?"

"ಅದೇ, ಮೂರನೇ ಸೀಟು, ನಿಮ್ಮಕ್ಕಂದು..." ಎಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಮೆಲ್ಲಗೆ ಎದ್ದು ನಿಂತು ಟೋಪಿ ತೆಗೆದರು. ಇಪ್ಪತ್ತು ವರ್ಷ ಗಾಳಿಮಳೆಯಲ್ಲಿ ವಿಮಾನ ಹಾರಿಸಿದ ಮನುಷ್ಯನಿಗೆ ಆ ಗಳಿಗೆಯಲ್ಲಿ ಎಲ್ಲಿ ನೋಡಬೇಕೆಂದು ಗೊತ್ತಾಗಲಿಲ್ಲ. "ಮೇಡಂ, ನಾನು ಹೇಳಬಾರದಿತ್ತು. ವಿಮಾನದ ನಿಜವಾದ ತೂಕ ನನಗೆ ಗೊತ್ತಿರಲೇಬೇಕು ಅಂತ ತಪಾಸಣೆಯವರು ನನಗೆ ಹೇಳಿದ್ದರು. ಅವರನ್ನೇ ಕೇಳಿ."

ವಿಮಾನ ಹೊರಟಿತು. ಮೂರನೇ ಕಿಟಕಿಯಲ್ಲಿ ಅಕ್ಕ ಎಂದಿನ ಹಾಗೆ ಕೈಬೀಸಿದಳು. ತೂಕದಮ್ಮ ತಾನೂ ಬೀಸಿದಳೋ ಇಲ್ಲವೋ, ಅದು ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹೆಂಗಸರನ್ನು ತಪಾಸಣೆ ಮಾಡುತ್ತಿದ್ದವಳು ಅವಳ ವಯಸ್ಸಿನವಳೇ. ಒಂಬತ್ತು ವರ್ಷದಿಂದ ಒಟ್ಟಿಗೆ ಕೂತು ಊಟ ಮಾಡಿದವರು. ತೂಕದಮ್ಮ ಬರುತ್ತಿರುವ ರಭಸ ನೋಡಿಯೇ ಅವಳಿಗೆ ಅರ್ಥವಾಯಿತು. ತನ್ನ ಕಪಾಟಿನ ಬೀಗ ತೆಗೆದು ಒಂದು ಬಟ್ಟೆಯ ಗಂಟನ್ನು ಎರಡು ಕೈಯಲ್ಲೂ ಎತ್ತಿ ಮೇಜಿನ ಮೇಲಿಟ್ಟಳು. ಬಿಚ್ಚಿ ನೋಡಿದರೆ ತೋಳಿಲ್ಲದ ಅಂಗಿಯಂಥದು. ಅಕ್ಕನ ಉದ್ದ ಕೋಟಿನ ಒಳಗೆ ಗುಂಡಿ ಹಾಕಿ ಕೂರಿಸುವಂತೆ ಹೊಲಿದ ಒಳಪದರ. ಅದರ ತುಂಬ ಸಾಲು ಸಾಲಾಗಿ ಪುಟ್ಟ ಜೇಬುಗಳು. ಒಂದೊಂದು ಜೇಬಿನಲ್ಲೂ ಸೀಸದ ಬಿಲ್ಲೆಗಳು. ಗಾಳಿಗೆ ಹಾರದಿರಲೆಂದು ಹೋಟೆಲಿನ ಪರದೆಗಳ ಅಂಚಿಗೆ ಅಕ್ಕ ಹಾಕುತ್ತಿದ್ದಂಥವು.

"ಮೊದಲನೇ ದಿನವೇ ಯಂತ್ರ ಕೂಗ್ತು" ಎಂದಳು ತಪಾಸಣೆಯವಳು. "ಕೋಟು ಬಿಚ್ಚಿಸಿದೆ. 'ನಿನ್ನ ಕಾಲಿಗೆ ಬೀಳ್ತೀನಿ, ಅವಳಿಗೆ ಹೇಳಬೇಡ' ಅಂದ್ರು. ವಯಸ್ಸಲ್ಲಿ ದೊಡ್ಡವರು, ನನ್ನ ಕೈ ಹಿಡ್ಕೊಂಡ್ರು. ಪ್ರತಿ ವಾರ ಇದನ್ನ ಇಲ್ಲಿಟ್ಟು ಹೋಗ್ತಾರೆ, ಸಂಜೆ ಚೀಲದಲ್ಲಿ ಹಾಕ್ಕೊಂಡು ಹೋಗ್ತಾರೆ. ಮೊದಮೊದಲು ಒಂದೇ ಸಾಲು ಇತ್ತು."

ತೂಕದಮ್ಮ ಅದನ್ನು ಎತ್ತಿಕೊಂಡು ಹೋಗಿ ತಕ್ಕಡಿಗೆ ಹಾಕಿದಳು. ಏಳು ಕೆಜಿ ಇನ್ನೂರು ಗ್ರಾಂ. ಒಂದೊಂದು ಜೇಬಿನ ಬಾಯಿಗೂ ಅಕ್ಕ ಅಚ್ಚುಕಟ್ಟಾಗಿ ಎರಡೆರಡು ಸಲ ಹೊಲಿಗೆ ಹಾಕಿದ್ದಳು.

ಆ ದಿನ ಹೇಗೆ ಕಳೆಯಿತೋ. ಸಂಜೆ ಆರಕ್ಕೆ ವಿಮಾನ ಬಂದು ನಿಂತಿತು. ಎಲ್ಲರೂ ಇಳಿದ ಮೇಲೆ ಅಕ್ಕ ಒಂದೊಂದೇ ಮೆಟ್ಟಿಲು ಇಳಿದು, ಗಾಜಿನ ಬಾಗಿಲು ದಾಟಿ ಒಳಗೆ ಬಂದಳು. ಎದುರಿಗೆ ತಂಗಿ. ತಂಗಿಯ ತೋಳಿನ ಮೇಲೆ ಆ ಒಳಪದರ.

ಅಕ್ಕ ಅದನ್ನು ನೋಡಿದಳು. "ಓ" ಎಂದಳು. ಆಮೇಲೆ, "ಸ್ವಲ್ಪ ಕೂರ್ತೀನಿ ಕಣೆ, ಕಾಲು ನಿಲ್ತಾ ಇಲ್ಲ" ಎಂದು ಹತ್ತಿರದ ಕುರ್ಚಿಯಲ್ಲಿ ಕೂತಳು.

ಖಾಲಿ ಹಾಲಿನಲ್ಲಿ ಇಬ್ಬರೇ ಪಕ್ಕಪಕ್ಕ ಕೂತರು.

"ನಿಜವಾಗಿ ಎಷ್ಟು?" ಎಂದಳು ತಂಗಿ.

"ಕಳೆದು ನೋಡು. ಲೆಕ್ಕದವಳು ನೀನು."

"ಅಕ್ಕಾ, ತಮಾಷೆ ಬೇಡ."

"ನಲವತ್ತೆರಡು ಚಿಲ್ಲರೆ."

"ಡಾಕ್ಟರಿಗೆ ಗೊತ್ತಾ?"

"ಅವರು ಕೋಟು ಬಿಚ್ಚಿಸಿ ತೂಗ್ತಾರಲ್ಲ, ಗೊತ್ತಿಲ್ಲದೆ ಏನು? ಔಷಧಿ ನಿಲ್ಲಿಸಿ ಏಳು ವಾರ ಆಯ್ತು."

"ಏಳು ವಾರ? ಮತ್ತೆ ಏಳು ವಾರದಿಂದ ಅಲ್ಲಿಗೆ ಯಾಕೆ ಹೋಗ್ತಿದ್ದೆ?"

"ನೋವಿನ ಮಾತ್ರೆ ಕೊಡ್ತಾರೆ."

"ಪ್ರತಿ ವಾರ ಕೊಡ್ತಾರಾ?"

ಅಕ್ಕ ಕೋಟಿನ ತೋಳಿನ ಮೇಲಿದ್ದ ಒಂದು ನೂಲೆಳೆಯನ್ನು ಹಿಡಿದು ತೆಗೆದಳು. "ತಿಂಗಳಿಗೊಂದ್ಸಲ. ಹೋಗದೆ ಇದ್ರೆ ನಿಂಗೆ ಗೊತ್ತಾಗಿಬಿಡ್ತಿತ್ತಲ್ಲ."

"ಇಡೀ ದಿನ ಅಲ್ಲಿ ಏನು ಮಾಡ್ತಿದ್ದೆ?"

"ಆಸ್ಪತ್ರೆ ಎದುರಿಗೆ ಒಂದು ಬಟ್ಟೆ ಅಂಗಡಿ ಇದೆ. ಅಂಗಡಿಯಾಕೆ ಒಳ್ಳೆಯವಳು. ಒಂದು ಕುರ್ಚಿ ಕೊಡ್ತಾಳೆ. ಥಾನುಗಳನ್ನ ಮುಟ್ಟಿ ನೋಡ್ತಾ ಕೂತಿರ್ತೀನಿ. ಹೊತ್ತು ಹೋಗುತ್ತೆ."

ಅಲ್ಲಿಯವರೆಗೆ ತಡೆದುಕೊಂಡಿದ್ದ ತಂಗಿ ಸ್ಫೋಟಿಸಿದಳು. ಬಾಯಿಗೆ ಬಂದದ್ದನ್ನೆಲ್ಲ ಆಡಿದಳು. ನನಗೆ ಅಮ್ಮ ಆಗೋಕೆ ಬರಬೇಡ ಅಂತ ಎಷ್ಟು ಸಲ ಹೇಳಿದ್ದೀನಿ, ನನಗೀಗ ನಲವತ್ತಮೂರು ವರ್ಷ, ನನ್ನ ಕೈಯಲ್ಲೇ ವಾರ ವಾರ ಸುಳ್ಳು ಓದಿಸಿದೆಯಲ್ಲ, ಊರಿಗೆಲ್ಲ ಪೆಪ್ಪರಮಿಂಟು ಹಂಚಿದೆನಲ್ಲ ನಾನು, ಕ್ಯಾಪ್ಟನ್‌ಗೆ ಗೊತ್ತು, ತಪಾಸಣೆಯವಳಿಗೆ ಗೊತ್ತು, ನಾನೊಬ್ಬಳೇ ಪೆದ್ದಿ. ಅವಳ ದನಿ ಖಾಲಿ ಗೋಡೆಗಳಿಗೆ ಬಡಿದು ವಾಪಸು ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು:

"ಆವತ್ತು ನೀನು ಕೌಂಟರ್ ಕೆಳಗೆ ಕೂತ್ಯಲ್ಲ. ಅಮ್ಮ ಹೋದ ದಿನ ನೀನು ಮಂಚದ ಕೆಳಗೆ ಸೇರ್ಕೊಂಡಿದ್ದೆ, ಅದೇ ಥರ, ಅದೇ ಮುಖ. ಇನ್ನೊಂದ್ಸಲ ಆ ಮುಖ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಮರಿ. ನಿನಗೋಸ್ಕರ ಮಾಡಿದೆ ಅಂತ ಅಂದ್ಕೋಬೇಡ. ನನಗೋಸ್ಕರ ಮಾಡಿದ್ದು. ಏಳು ಹತ್ತಕ್ಕೆ ನೀನು ನಕ್ಕಿದ್ದು ನೋಡಿ ಹೋದ್ರೆ, ನನಗೆ ಆ ದಿನ ಕಳೆಯೋದು ಸುಲಭ ಆಗ್ತಿತ್ತು."

ತಂಗಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು. ಕೋಟಿನ ಕೆಳಗೆ ಬರೀ ಮೂಳೆ. ಇದನ್ನು ತಿಳಿಯಲು ತಕ್ಕಡಿ ಬೇಕಿತ್ತೇ? ಯಾವ ದಿನ ಬೇಕಾದರೂ ಒಂದು ಸಲ ಹೀಗೆ ತಲೆ ಇಟ್ಟಿದ್ದರೆ ಸಾಕಿತ್ತು.

ಮಾರನೇ ದಿನ ಬೆಳಿಗ್ಗೆ ಅವಳು ಮ್ಯಾನೇಜರ್ ಕೋಣೆಗೆ ಹೋಗಿ ರಜೆ ಕೇಳಿದಳು. ಮುಂದಿನ ಮಂಗಳವಾರ ಅಕ್ಕನ ಜೊತೆ ಹೋಗಬೇಕು, ನಾಲ್ಕನೇ ಸೀಟು ತನಗೆ, ಆಮೇಲೆ ಒಂದು ತಿಂಗಳು ಮನೆಯಲ್ಲಿರಬೇಕು. ಮ್ಯಾನೇಜರ್ ತಲೆಯೆತ್ತಿ, "ಧಾರಾಳವಾಗಿ ತಗೊಳ್ಳಿ. ನೀವು ಈವರೆಗೂ ಕೇಳಲೇ ಇಲ್ಲವಲ್ಲ" ಎಂದರು. ಎಂಟು ತಿಂಗಳಿಂದ ಆಗುವುದೇ ಇಲ್ಲ ಎಂದುಕೊಂಡಿದ್ದ ರಜೆ ಎರಡು ನಿಮಿಷದಲ್ಲಿ ಸಿಕ್ಕಿತು. ಅವಳು ಹೊರಗೆ ಬಂದು ನೀರು ಕುಡಿಯಲು ಹೋಗಿ ಲೋಟ ಹಿಡಿದು ಹಾಗೇ ನಿಂತಳು. ಆ ಎರಡು ನಿಮಿಷ ಅವಳನ್ನು ಉಳಿದ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಆದರೆ ಮಂಗಳವಾರ ಬರುವ ಹೊತ್ತಿಗೆ ಅಕ್ಕನಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಗುಟ್ಟು ಬಿಟ್ಟುಕೊಟ್ಟ ದಿನದಿಂದ ಅವಳ ಮೈ ಹಿಡಿತ ಬಿಟ್ಟ ಹಾಗಾಗಿತ್ತು. ಅಷ್ಟು ದಿನ ಅವಳನ್ನು ನಿಲ್ಲಿಸಿದ್ದೇ ಆ ಗುಟ್ಟು ಎನ್ನುವ ಹಾಗೆ. ಬೆಳಿಗ್ಗೆ ಇಬ್ಬರೂ ಕಿಟಕಿ ತೆರೆದು ಮಲಗಿದ್ದರು. ಏಳು ಹತ್ತಾಗಿ ಮೂರು ನಿಮಿಷಕ್ಕೆ ವಿಮಾನದ ಸದ್ದು ಮನೆಯ ಮೇಲೆ ಹಾದುಹೋಯಿತು.

"ಹೊರಡ್ತು ನೋಡು ನಮ್ಮ ವಿಮಾನ" ಎಂದಳು ಅಕ್ಕ.

"ಹೋಗಲಿ ಬಿಡು. ಮುಂದಿನ ವಾರ."

"ಅಯ್ಯೋ, ನಾವಾಗಲೇ ವಿಮಾನ ಹತ್ತಿಯಾಯ್ತು. ಕಣ್ಣು ಮುಚ್ಚು, ಹೇಳ್ತೀನಿ." ಅಕ್ಕ ತಂಗಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಈಗ ಎಡಕ್ಕೆ ವಾಲುತ್ತೆ. ಹೆದರಬೇಡ, ದಿನಾ ವಾಲುತ್ತೆ. ಕೆಳಗೆ ನಮ್ಮ ಬೀದಿ. ನೀರಿನ ಟ್ಯಾಂಕ್ ಒಂದೇ ಗುರುತು ಸಿಗೋದು, ನಮ್ಮನೆ ಯಾವುದು ಅಂತ ಒಂದಿನಾನೂ ಗೊತ್ತಾಗ್ಲಿಲ್ಲ ನಂಗೆ. ಆಮೇಲೆ ನೀರು. ಬರೀ ನೀರು. ದೋಣಿಗಳು ಬಟ್ಟೆ ಮೇಲೆ ಬಿದ್ದ ಗುಂಡುಸೂಜಿ ಥರ ಕಾಣ್ತವೆ. ನಿನ್ನ ಗುಮಾಸ್ತರು ಈ ಹೊತ್ತಿಗೆ ಗೊರಕೆ ಹೊಡೀತಿರ್ತಾರೆ. ಮಧ್ಯದಲ್ಲಿ ಒಂದು ಕಡೆ ನೀರಿನ ಬಣ್ಣ ಬದಲಾಗುತ್ತೆ, ನೀಲಿ ಇದ್ದದ್ದು ಹಸಿರು. ಅಲ್ಲಿ ಗಾಳಿ ಒಂದು ಸಲ ಎತ್ತಿ ಹಾಕುತ್ತೆ, ಹೊಟ್ಟೆಯಲ್ಲಿ ಕಚಗುಳಿ ಇಟ್ಟ ಹಾಗೆ..."

ಇಪ್ಪತ್ತೈದು ನಿಮಿಷವೂ ಹೇಳಿದಳು. ನಡುನಡುವೆ ದನಿ ನಿಲ್ಲುತ್ತಿತ್ತು, ಉಸಿರು ಹಿಡಿದುಕೊಂಡು ಮತ್ತೆ ಮುಂದುವರಿಸುತ್ತಿದ್ದಳು. ತಂಗಿ ಕಣ್ಣು ಮುಚ್ಚಿಯೇ ಇದ್ದಳು. ಆಚೆ ದಡದಲ್ಲಿ ಚಕ್ರ ನೆಲ ಮುಟ್ಟಿದ ಮೇಲೆ ಅಕ್ಕ, "ಇಳಿ ಈಗ. ತಲೆ ತಗ್ಗಿಸು, ಬಾಗಿಲು ಗಿಡ್ಡ" ಎಂದಳು. ಇಬ್ಬರೂ ನಕ್ಕರು. ನಗುತ್ತ ನಗುತ್ತ ತಂಗಿ ಅಳಲು ಶುರುಮಾಡಿದಳು. ಈ ಸಲ ಅಕ್ಕ ತಡೆಯಲಿಲ್ಲ, ನೋಡಲಾರೆ ಎಂದು ಮುಖವನ್ನೂ ತಿರುಗಿಸಲಿಲ್ಲ.

ಗುರುವಾರ ಮಧ್ಯಾಹ್ನ ಅಕ್ಕ ಹೋದಳು. ತಂಗಿ ಗಂಜಿ ಬಿಸಿಮಾಡಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳಾದ ಮೇಲೆ ತೂಕದಮ್ಮ ಕೆಲಸಕ್ಕೆ ಮರಳಿದಳು. ಕ್ಯಾಪ್ಟನ್ ಎದುರಾದಾಗಲೆಲ್ಲ ಟೋಪಿ ತೆಗೆಯುತ್ತಿದ್ದರು. ತಪಾಸಣೆಯವಳು ಮೊದಲ ದಿನವೇ ಬಂದು ಎದುರಿಗೆ ನಿಂತಳು.

"ನೀನು ನಂಗೆ ಹೇಳಬೇಕಿತ್ತು" ಎಂದಳು ತೂಕದಮ್ಮ.

"ಹೌದು. ಹೇಳಬೇಕಿತ್ತು."

ಅದಕ್ಕಿಂತ ಹೆಚ್ಚು ಮಾತು ಬೆಳೆಯಲಿಲ್ಲ. ಊಟಕ್ಕೆ ಮತ್ತೆ ಒಟ್ಟಿಗೆ ಕೂರಲು ಅವರಿಗೆ ಬಹಳ ದಿನ ಹಿಡಿಯಿತು. ಕೂತ ಮೇಲೂ ಹಳೆಯ ಸಲಿಗೆ ಪೂರ್ತಿ ಬರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಕೌಂಟರಿನ ಫೋನ್ ಬಡಿದುಕೊಂಡಿತು. ಆಚೆ ಕಡೆಯಿಂದ ಯಾರೋ ಹೆಂಗಸು. "ನಮಸ್ಕಾರ, ನಂದು ಇಲ್ಲಿ ಆಸ್ಪತ್ರೆ ಎದುರಿಗೆ ಬಟ್ಟೆ ಅಂಗಡಿ. ಮಂಗಳವಾರದ ವಿಮಾನದಲ್ಲಿ ಉದ್ದ ಕೋಟು ಹಾಕ್ಕೊಂಡು ಒಬ್ಬರು ಬರ್ತಿದ್ರು, ಟೈಲರಮ್ಮ ಅಂತ. ಎರಡು ತಿಂಗಳಿಂದ ಕಾಣ್ತಾ ಇಲ್ಲ. ಅವರ ಫೋನ್ ನಂಬರ್ ನನ್ನ ಹತ್ರ ಇಲ್ಲ. ಹುಷಾರಾಗಿದ್ದಾರಾ ಅಂತ..."

ತೂಕದಮ್ಮ ಹೇಳಿದಳು. ಆಮೇಲೆ ಆ ಹೆಂಗಸು, "ನೀವು ಅವರ ತಂಗಿನಾ? ಮರಿ ಅಂತಿದ್ರಲ್ಲ, ನೀವೇನಾ?" ಎಂದು ಕೇಳಿದಳು.

ಆ ಹೆಸರು ಅಪರಿಚಿತರ ಬಾಯಲ್ಲಿ ಕೇಳಿದ್ದೇ ತೂಕದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತನಗೆ ಸಿಗಬೇಕಾದ ಏಳು ಮಂಗಳವಾರಗಳನ್ನು ಯಾರೋ ಬಟ್ಟೆ ಅಂಗಡಿಯವಳು ಉಂಡು ಕೂತಿದ್ದಾಳೆ. ಫೋನ್ ಇಟ್ಟುಬಿಡಬೇಕು ಎನಿಸಿತು. ಇಡಲಾಗಲಿಲ್ಲ.

"ಏನೇನು ಹೇಳ್ತಿದ್ಲು ಅಕ್ಕ?" ಎಂದಳು.

"ಫೋನಿನಲ್ಲಿ ಮುಗಿಯುತ್ತಾ ಅದು? ಒಂದಿನ ಬನ್ನಿ."

ಹೊಸ ವರ್ಷದ ಎರಡನೇ ಮಂಗಳವಾರ ಅವಳು ಹೋದಳು. ಹತ್ತೊಂಬತ್ತು ಸೀಟಿನ ಆ ವಿಮಾನವನ್ನು ಜೀವನದಲ್ಲಿ ಮೊದಲ ಸಲ ಹತ್ತಿ, ಮೋಡ ಮುಚ್ಚಿದ್ದರಿಂದ ಕೆಳಗೆ ಏನೊಂದೂ ಕಾಣದೆ ಆಚೆ ದಡದಲ್ಲಿ ಇಳಿದಳು. ಅಂಗಡಿಯಾಕೆ ಅರವತ್ತು ದಾಟಿದವಳು, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ಥಾನುಗಳ ನಡುವೆ ನಿಂತಿದ್ದಳು. ಒಂದು ಮರದ ಕುರ್ಚಿ ಎಳೆದು, "ಇಲ್ಲೇ ಕೂರ್ತಿದ್ರು" ಎಂದಳು. ಮಧ್ಯಾಹ್ನದವರೆಗೂ ಹೇಳಿದಳು. ಅಕ್ಕ ಗಿರಾಕಿಗಳಿಗೆ ಬಟ್ಟೆ ಆರಿಸಿಕೊಡುತ್ತಿದ್ದದ್ದು, ನೋವು ಬಂದಾಗ ಹಿಂದಿನ ಕೋಣೆಯಲ್ಲಿ ಥಾನಿನ ಮೇಲೆ ಮಲಗುತ್ತಿದ್ದದ್ದು, ತಂಗಿ ಚಿಕ್ಕವಳಿದ್ದಾಗ ಕತ್ತರಿಯಿಂದ ತನ್ನ ಜಡೆಯನ್ನೇ ಕತ್ತರಿಸಿಕೊಂಡ ಕಥೆಯನ್ನು ನಾಲ್ಕು ಸಲ ಹೇಳಿ ನಾಲ್ಕು ಸಲವೂ ನಕ್ಕಿದ್ದು.

"ವಿಮಾನ ಇರೋದು ಐದೂವರೆಗೆ" ಎಂದಳು ಅಂಗಡಿಯಾಕೆ. "ಅವರು ಮೂರು ಗಂಟೆಗೇ ಎದ್ದುಬಿಡ್ತಿದ್ರು. ಇನ್ನೂ ಹೊತ್ತಿದೆ ಕೂತ್ಕೊಳ್ಳಿ ಅಂದ್ರೆ ಕೇಳ್ತಿರ್ಲಿಲ್ಲ. 'ಇಲ್ಲಮ್ಮ, ತಪ್ಪಿಹೋದ್ರೆ ಮರಿ ಒಬ್ಬಳೇ ಆಗ್ತಾಳೆ' ಅಂತಿದ್ರು."

ತೂಕದಮ್ಮ ಆ ಕುರ್ಚಿಯಲ್ಲಿ ಕೂತೇ ಇದ್ದಳು. ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಅಂಗಡಿಯಾಕೆ ಎರಡು ಸಲ ಗಡಿಯಾರ ನೋಡಿದಳು, ಆದರೆ ಏಳಿ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಐದೂವರೆಯ ವಿಮಾನ ಅವಳನ್ನು ಬಿಟ್ಟೇ ಹೋಯಿತು. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ.